ಮನೆಯ ಡ್ರೈನೇಜ್ ಪೈಪು ಒಡೆದಾಗ: ಪತ್ತೆ ಹಚ್ಚುವುದರಿಂದ ಗುಂಡಿ ಮುಚ್ಚುವವರೆಗೆ

ನಲ್ಲಿಗೆ ನೀರು ತರುವ ಪೈಪು ಸೋರಿದರೆ ಮನೆಯವರಿಗೆಲ್ಲ ಬೇಗ ಗೊತ್ತಾಗುತ್ತದೆ. ಅದರಲ್ಲಿ ಒತ್ತಡವಿರುತ್ತದೆ, ನೀರು ಚಿಮ್ಮುತ್ತದೆ. ಕೊಳಚೆ ನೀರು ಹೊರಗೊಯ್ಯುವ ಪೈಪಿನಲ್ಲಿ ಒತ್ತಡವೇ ಇಲ್ಲ. ಬಹುಪಾಲು ಹೊತ್ತು ಅರ್ಧವೂ ತುಂಬದೆ, ಬರೀ ಇಳಿಜಾರಿನ ಆಸರೆಯಲ್ಲಿ ನೀರು ಹರಿಯುತ್ತಿರುತ್ತದೆ. ಹಾಗಾಗಿ ಅದು ಬಿರುಕು ಬಿಟ್ಟರೆ ತಿಂಗಳುಗಟ್ಟಲೆ ಸುಳಿವು ಸಿಗುವುದಿಲ್ಲ. ಕೊಳಚೆ ಮಣ್ಣಿಗಿಳಿಯುತ್ತದೆ, ಸಡಿಲವಾದ ಮಣ್ಣು ಬಿರುಕಿನೊಳಗೆ ಜಾರಿ ನೀರಿನ ಜೊತೆ ಹರಿದುಹೋಗುತ್ತದೆ, ಪೈಪಿನ ಸುತ್ತ ಪೊಳ್ಳು ಬೆಳೆಯುತ್ತದೆ. ನೆಲದ ಟೈಲ್ಸ್ ಕುಸಿದಾಗಲೋ ಗೋಡೆ ಬಿರುಕು ಬಿಟ್ಟಾಗಲೋ ನಮಗೆ ಎಚ್ಚರವಾಗುತ್ತದೆ.

ಒಡೆದ ತುಂಡನ್ನು ಬದಲಿಸುವುದು ಅರ್ಧ ಕೆಲಸ ಮಾತ್ರ. ಪೈಪು ಯಾಕೆ ಒಡೆಯಿತು ಎಂಬುದನ್ನು ಕಂಡುಕೊಂಡು ಆ ಕಾರಣವನ್ನು ತೆಗೆಯದಿದ್ದರೆ ಅದೇ ಜಾಗವನ್ನು ಮತ್ತೆ ಅಗೆಯಬೇಕಾಗುತ್ತದೆ. ಈ ಲೇಖನದಲ್ಲಿ ಪತ್ತೆ ಹಚ್ಚುವ ಕೆಲಸಕ್ಕೂ ಇಳಿಜಾರಿಗೂ ಹೆಚ್ಚು ಜಾಗ ಕೊಟ್ಟಿರುವುದು ಅದಕ್ಕೇ.

ಅಗೆಯುವ ಮುಂಚೆ

ಮೊದಲು ನೋಡಬೇಕಾದದ್ದು ತೊಂದರೆ ಒಂದು ಕಡೆ ಇದೆಯೋ ಎಲ್ಲ ಕಡೆ ಇದೆಯೋ ಎಂದು. ಒಂದು ಸಿಂಕ್ ಮಾತ್ರ ನಿಧಾನವಾಗಿ ಖಾಲಿಯಾಗುತ್ತಿದ್ದರೆ ದೋಷ ಆ ಸಿಂಕಿನ ಟ್ರ್ಯಾಪಿನಲ್ಲೋ (ಕೆಳಗೆ ನೀರು ನಿಲ್ಲುವ ಬಾಗಿದ ಪೈಪು) ಅದರ ಕವಲು ಪೈಪಿನಲ್ಲೋ ಇರುತ್ತದೆ. ಕಮೋಡ್ ಫ್ಲಶ್ ಮಾಡಿದಾಗ ಬಚ್ಚಲ ನೆಲದಲ್ಲಿ ನೀರು ಉಕ್ಕಿದರೆ, ಎರಡೂ ಸೇರುವ ಜಾಗದಿಂದ ಮುಂದೆ ಮುಖ್ಯ ಲೈನಿನಲ್ಲಿ ಅಡಚಣೆಯಿದೆ ಎಂದರ್ಥ.

ನಂತರ ಹೊರಗಿನ ಚೇಂಬರುಗಳ, ಅಂದರೆ ಲೈನನ್ನು ತೆರೆದು ನೋಡಲು ಕಟ್ಟಿದ ಗುಂಡಿಗಳ, ಮುಚ್ಚಳ ತೆಗೆಯಿರಿ. ಮನೆಯ ಕಡೆಯಿಂದ ಒಂದೊಂದಾಗಿ ತೆಗೆಯುತ್ತಾ ಹೋದರೆ ತುಂಬಿ ನಿಂತ ಚೇಂಬರೊಂದು, ಅದರ ಮುಂದೆ ಖಾಲಿ ಚೇಂಬರೊಂದು ಸಿಗುತ್ತದೆ. ದೋಷ ಈ ಎರಡರ ನಡುವೆ ಇದೆ. ಎಲ್ಲ ಚೇಂಬರುಗಳೂ ಖಾಲಿಯಿದ್ದು ಮನೆಯೊಳಗೆ ಮಾತ್ರ ನೀರು ನಿಲ್ಲುತ್ತಿದ್ದರೆ ಮೊದಲ ಚೇಂಬರಿಗೂ ಮನೆಗೂ ನಡುವಿನ ಪೈಪನ್ನು ಅನುಮಾನಿಸಿ. ಮುಚ್ಚಳ ತೆಗೆದು ಬೆಳಕಿನಲ್ಲಿ ನೋಡಿದರೆ ಸಾಕು. ತಲೆ ಒಳಗೆ ಹಾಕುವುದಾಗಲಿ ಒಳಗಿಳಿಯುವುದಾಗಲಿ ಖಂಡಿತ ಬೇಡ. ಕಾರಣ ಮುಂದೆ ಹೇಳುತ್ತೇನೆ.

ವಾಸನೆ ಬಂದ ಕೂಡಲೇ ಪೈಪು ಒಡೆದಿದೆ ಎಂದುಕೊಳ್ಳಬೇಕಿಲ್ಲ. ಪ್ರತಿ ಟ್ರ್ಯಾಪಿನ ಬಾಗಿನಲ್ಲಿ ಸುಮಾರು 50 ಮಿ.ಮೀ. ಆಳದ ನೀರು ನಿಂತು ಗಾಳಿಯನ್ನು ತಡೆಯುತ್ತದೆ. ಬಳಸದ ಬಚ್ಚಲಿನಲ್ಲಿ ಈ ನೀರು ಆರಿಹೋಗುತ್ತದೆ. ಒಂದು ತಂಬಿಗೆ ನೀರು ಸುರಿದು ಒಂದು ದಿನ ನೋಡಿ. ವಾಸನೆ ನಿಂತರೆ ಅಗೆಯುವ ಮಾತೇ ಇಲ್ಲ. ನೀರು ಹೋಗುವಾಗ ಗುಳುಗುಳು ಸದ್ದು ಬಂದು, ಪಕ್ಕದ ಟ್ರ್ಯಾಪಿನ ನೀರನ್ನೂ ಎಳೆದುಕೊಳ್ಳುತ್ತಿದ್ದರೆ ಗಾಳಿಕೊಳವೆಯ (ಡ್ರೈನೇಜ್ ಲೈನಿಗೆ ಗಾಳಿ ಒದಗಿಸಲು ಮೇಲಕ್ಕೆ ಎತ್ತಿದ ಪೈಪು) ಮೇಲ್ಬಾಯಿಯಲ್ಲಿ ಹಕ್ಕಿಗೂಡೋ ಎಲೆಯೋ ಕಟ್ಟಿಕೊಂಡಿದೆಯೇ ನೋಡಬೇಕು.

ನಿಜವಾಗಿಯೂ ಒಡೆದಿರುವುದರ ಗುರುತುಗಳು ಬೇರೆ. ಶುಚಿ ಮಾಡಿಸಿದ ಕೆಲವೇ ವಾರಗಳಲ್ಲಿ ಮತ್ತೆ ಅದೇ ಜಾಗ ಕಟ್ಟಿಕೊಳ್ಳುವುದು, ಚೇಂಬರಿಗೆ ಬರುವ ನೀರಿನಲ್ಲಿ ಮಣ್ಣು ಅಥವಾ ಬೇರಿನ ಎಳೆ ಕಾಣುವುದು, ಲೈನಿನ ಮೇಲಿನ ಹುಲ್ಲು ಒಂದೇ ಪಟ್ಟಿಯಲ್ಲಿ ಹೆಚ್ಚು ಹಸಿರಾಗಿರುವುದು, ನೆಲ ತಗ್ಗಾಗುವುದು, ಒಣ ಬಚ್ಚಲಿಗೆ ಇಲಿ ಬರುವುದು. ಇವುಗಳಲ್ಲಿ ಎರಡು ಒಟ್ಟಿಗೆ ಕಂಡರೆ ಪೈಪು ಒಡೆದಿರುವ ಸಾಧ್ಯತೆ ಹೆಚ್ಚು. ಗೋಡೆಯ ಬುಡದ ತೇವ ಮಾತ್ರ ಗೊಂದಲ ಹುಟ್ಟಿಸುತ್ತದೆ, ಏಕೆಂದರೆ ಅದು ನಲ್ಲಿ ನೀರಿನ ಸೋರಿಕೆಯೂ ಆಗಿರಬಹುದು. ಮನೆಯ ಎಲ್ಲ ನಲ್ಲಿ ಮುಚ್ಚಿ, ಟ್ಯಾಂಕ್ ತುಂಬುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು ನೀರಿನ ಮೀಟರ್ ನೋಡಿ. ಆಗಲೂ ಮುಳ್ಳು ತಿರುಗುತ್ತಿದ್ದರೆ ಸೋರುತ್ತಿರುವುದು ನೀರು ಬರುವ ಪೈಪು.

ಸೋರಿಕೆಯನ್ನು ಖಚಿತಪಡಿಸಿಕೊಳ್ಳಲು ಸುಲಭದ ಉಪಾಯವೊಂದಿದೆ. ಮೊದಲ ಚೇಂಬರಿನಲ್ಲಿ ಪೈಪಿನ ಬಾಯಿಗೆ ಗಾಳಿ ತುಂಬುವ ರಬ್ಬರ್ ಪ್ಲಗ್ ಹಾಕಿ ಬಂದ್ ಮಾಡಿ. ಮನೆಯೊಳಗಿನ ಅತಿ ತಗ್ಗಿನ ನಹನಿ ಟ್ರ್ಯಾಪಿನ (ಬಚ್ಚಲ ನೆಲದಲ್ಲಿರುವ ಟ್ರ್ಯಾಪು) ಜಾಲರಿಗಿಂತ ಸ್ವಲ್ಪ ಕೆಳಗೆ ನಿಲ್ಲುವಷ್ಟು ನೀರು ತುಂಬಿಸಿ ಗುರುತು ಹಾಕಿ. ಅರ್ಧ ಗಂಟೆಯಲ್ಲಿ ಮಟ್ಟ ಸ್ಪಷ್ಟವಾಗಿ ಇಳಿದರೆ ನಡುವೆ ಎಲ್ಲೋ ಸೋರುತ್ತಿದೆ. ಕವಲುಗಳನ್ನು ಒಂದೊಂದಾಗಿ ಬಂದ್ ಮಾಡಿ ಇದನ್ನೇ ಮತ್ತೆ ಮಾಡಿದರೆ ಯಾವ ಕವಲು ಎಂಬುದೂ ತಿಳಿಯುತ್ತದೆ.

ಎಷ್ಟೇ ಅನುಭವವಿದ್ದರೂ, ಮೊಣಕಾಲಿಗಿಂತ ಆಳ ಅಗೆಯಬೇಕಾದ ಕೆಲಸಕ್ಕೆ ಮುಂಚೆ ಕ್ಯಾಮೆರಾ ಬಿಟ್ಟು ನೋಡಿಸಿ ಎಂದೇ ನಾನು ಹೇಳುತ್ತೇನೆ. ತುದಿಯಲ್ಲಿ ಸಿಗ್ನಲ್ ಕೊಡುವ ಸಾಧನವಿರುವ ಕ್ಯಾಮೆರಾ ಆದರೆ ಒಡೆದ ಜಾಗದ ನೇರ ಮೇಲೆ ನೆಲದಲ್ಲೇ ಗುರುತು ಹಾಕಬಹುದು, ಆಳವೂ ಗೊತ್ತಾಗುತ್ತದೆ. ಕ್ಯಾಮೆರಾ ಬಿಡುವ ಮೊದಲು ಲೈನನ್ನು ನೀರಿನ ಜೆಟ್‌ನಿಂದ ತೊಳೆಸಿ, ಇಲ್ಲದಿದ್ದರೆ ಕಾಣುವುದು ಬರೀ ಕೆಸರು. ತೀರಾ ಹಳೆಯ, ಒಡೆದು ಚೂರಾದ ಪೈಪಿಗೆ ಮಾತ್ರ ಜೆಟ್‌ನ ಒತ್ತಡ ಕಡಿಮೆ ಇರಲಿ.

ಯಾಕೆ ಒಡೆಯಿತು?

ಬೀಡುಕಬ್ಬಿಣದ ಪೈಪು ಒಳಗಿನಿಂದ ತುಕ್ಕು ಹಿಡಿದು, ತಳಭಾಗ ಉದ್ದಕ್ಕೂ ಸವೆದು ತೆಳ್ಳಗಾಗುತ್ತದೆ. ಹೊರಗಿನಿಂದ ಗಟ್ಟಿಯಾಗಿ ಕಂಡರೂ ಸುತ್ತಿಗೆಯಿಂದ ಹಗುರವಾಗಿ ತಟ್ಟಿದರೆ ಗಣಗಣ ಎನ್ನದೆ ಮಂಕು ಸದ್ದು ಬರುತ್ತದೆ. ಹೊಳಪಿನ ಲೇಪವಿರುವ ಜೇಡಿಮಣ್ಣಿನ ಪೈಪು, ಅಂದರೆ ಸ್ಟೋನ್‌ವೇರ್, ತುಕ್ಕಿಗಾಗಲಿ ಆಮ್ಲಕ್ಕಾಗಲಿ ಜಗ್ಗುವುದಿಲ್ಲ. ಅದರ ದೌರ್ಬಲ್ಯ ಗಾರೆ ಹಾಕಿದ ಜಾಯಿಂಟಿನಲ್ಲಿದೆ. ನೆಲ ಕೂದಲೆಳೆಯಷ್ಟು ಕುಸಿದರೂ ಗಾರೆ ಸೀಳುತ್ತದೆ, ತೇವ ಹುಡುಕುವ ಬೇರು ಅಲ್ಲಿಂದ ನುಗ್ಗುತ್ತದೆ, ನುಗ್ಗಿದ ಮೇಲೆ ದಪ್ಪವಾಗುತ್ತಾ ಸಂದನ್ನು ಅಗಲಿಸುತ್ತದೆ. ಪಿವಿಸಿ ಪೈಪು ತಾನಾಗಿ ಕೆಡುವುದು ಅಪರೂಪ. ಅದನ್ನು ಕೆಡಿಸುವುದು ಕೆಳಗಿನ ಚೂಪುಕಲ್ಲು, ಮೇಲಿನ ವಾಹನದ ಭಾರ, ಬಿಸಿಲು, ಮತ್ತು ಕೂರಿಸುವಾಗಿನ ಅವಸರ.

ಗೋಡೆ ದಾಟುವ ಜಾಗದಲ್ಲೇ ಪೈಪು ಪದೇಪದೇ ಒಡೆಯುತ್ತಿದ್ದರೆ ಕಾರಣ ಸರಳ. ಗೋಡೆ ಅಡಿಪಾಯದ ಮೇಲೆ ಗಟ್ಟಿಯಾಗಿ ನಿಂತಿರುತ್ತದೆ, ಹೊರಗಿನ ಮಣ್ಣು ಕುಸಿಯುತ್ತದೆ, ನಡುವೆ ಸಿಕ್ಕ ಪೈಪು ಮುರಿಯುತ್ತದೆ. ಪೈಪಿನ ಸುತ್ತ ಗೋಡೆಯಲ್ಲಿ 50 ಮಿ.ಮೀ. ಸಂದು ಬಿಟ್ಟು, ಆ ಸಂದನ್ನು ಮಣ್ಣು ಜಾರದಂತೆ, ಇಲಿ ನುಸುಳದಂತೆ ಮೆತ್ತನೆಯ ವಸ್ತುವಿನಿಂದ ಮುಚ್ಚಿ, ಮೇಲೆ ಗೋಡೆಯ ಭಾರ ಹೊರುವ ಸಣ್ಣ ಲಿಂಟಲ್ ಕೊಡುವುದು ಒಂದು ದಾರಿ. ಇನ್ನೊಂದು, ಗೋಡೆಯ ಎರಡೂ ಬದಿಗೆ, ಅದರ ಮುಖದಿಂದ 150 ಮಿ.ಮೀ. ಮೀರದ ದೂರದಲ್ಲಿ ರಬ್ಬರ್ ರಿಂಗ್ ಜಾಯಿಂಟ್ ಇಟ್ಟು, ಅಲ್ಲಿಂದ ಮುಂದೆ 600 ಮಿ.ಮೀ. ಮೀರದ ಗಿಡ್ಡ ತುಂಡು ಹಾಕುವುದು. ಮಣ್ಣು ಕುಸಿದಾಗ ಆ ಗಿಡ್ಡ ತುಂಡು ತುಸು ವಾಲುತ್ತದೆಯೇ ಹೊರತು ಮುರಿಯುವುದಿಲ್ಲ.

ತೇಪೆಯೋ, ತುಂಡೋ, ಇಡೀ ಲೈನೋ

ನೆಲದ ಮೇಲಿನ, ಕಣ್ಣಿಗೆ ಕಾಣುವ ಪೈಪಿನ ಸಣ್ಣ ಬಿರುಕಿಗೆ ಎಪಾಕ್ಸಿ ಪುಟ್ಟಿ, ರಬ್ಬರ್ ಪಟ್ಟಿ, ಕ್ಲ್ಯಾಂಪ್ ಹಾಕಬಹುದು. ಅದು ಪ್ಲಂಬರ್ ಬರುವವರೆಗಿನ ವ್ಯವಸ್ಥೆ. ಮಣ್ಣಿನೊಳಗಿನ ಪೈಪಿಗೆ ತೇಪೆ ಹಾಕಿ ಮುಚ್ಚುವುದನ್ನು ನಾನು ಒಪ್ಪುವುದಿಲ್ಲ. ಅಷ್ಟು ಅಗೆದ ಮೇಲೆ ತುಂಡು ಬದಲಿಸಲು ಬೇಕಾಗುವುದು ಇನ್ನೊಂದು ಗಂಟೆಯ ಕೆಲಸ.

ಒಂದೇ ಕಡೆ ಒಡೆದಿದ್ದು, ಉಳಿದ ಲೈನ್ ನೇರವಾಗಿ, ದುಂಡಗೆ ಇದ್ದರೆ ತುಂಡು ಬದಲಿಸಿ. ಎರಡು ಚೇಂಬರುಗಳ ನಡುವೆ ಮೂರು ನಾಲ್ಕು ಜಾಯಿಂಟಿನಲ್ಲಿ ಬೇರು ನುಗ್ಗಿದ್ದರೆ, ಬೀಡುಕಬ್ಬಿಣದ ತಳ ಸವೆದಿದ್ದರೆ, ಅಥವಾ ಪೈಪು ನಡುವೆ ಜೋತುಬಿದ್ದು ನೀರು ಸದಾ ನಿಂತಿದ್ದರೆ ಆ ಚೇಂಬರಿನಿಂದ ಈ ಚೇಂಬರಿನವರೆಗೆ ಪೂರ್ತಿ ಬದಲಿಸಿ. ಜೋತುಬಿದ್ದ ಪೈಪಿಗೆ ಬೇರೆ ಯಾವ ಮದ್ದೂ ಇಲ್ಲ.

ಕೈ ಹಾಕುವ ಮುಂಚಿನ ಎಚ್ಚರಿಕೆ

ಚೇಂಬರ್, ಮ್ಯಾನ್‌ಹೋಲ್, ಸೆಪ್ಟಿಕ್ ಟ್ಯಾಂಕಿನೊಳಗೆ ಯಾರೂ ಇಳಿಯಬಾರದು, ಕೂಲಿಯವರನ್ನೂ ಇಳಿಸಬಾರದು. ಅಲ್ಲಿ ಹೈಡ್ರೋಜನ್ ಸಲ್ಫೈಡ್, ಮೀಥೇನ್ ತುಂಬಿರಬಹುದು, ಆಮ್ಲಜನಕ ಕಡಿಮೆಯಿರಬಹುದು. ಹೈಡ್ರೋಜನ್ ಸಲ್ಫೈಡ್ ಸ್ವಲ್ಪವಿದ್ದಾಗ ಕೊಳೆತ ಮೊಟ್ಟೆಯ ನಾತ ಬರುತ್ತದೆ, ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕುಂದಿಸುತ್ತದೆ. ವಾಸನೆ ನಿಂತಿತು ಎಂದು ಧೈರ್ಯ ಮಾಡಿದವರು, ಅವರನ್ನು ಎತ್ತಲು ಹೋದವರು, ಒಬ್ಬರ ಹಿಂದೊಬ್ಬರು ಸತ್ತಿದ್ದಾರೆ. ಯಾವ ಪೈಪಿನ ಕೆಲಸವೂ ಒಂದು ಜೀವಕ್ಕಿಂತ ದೊಡ್ಡದಲ್ಲ.

ಉದ್ದನೆಯ ರಬ್ಬರ್ ಕೈಗವಸು, ಗಂಬೂಟು, ಕನ್ನಡಕ ಬೇಕೇ ಬೇಕು. ಕೈಯಲ್ಲಿ ಗಾಯವಿದ್ದರೆ ಈ ಕೆಲಸಕ್ಕೆ ಇಳಿಯಬೇಡಿ. ಇಲಿಜ್ವರ ಹರಡುವುದು ಹೀಗೇ. ಹಿಂದಿನ ದಿನ ಯಾರಾದರೂ ಕಟ್ಟಿದ ಪೈಪಿಗೆ ಆಸಿಡ್ ಅಥವಾ ಕಾಸ್ಟಿಕ್ ಪುಡಿ ಸುರಿದಿದ್ದಾರೆಯೇ ಎಂದು ಕೇಳಿ ತಿಳಿದುಕೊಳ್ಳಿ. ಸುರಿದಿದ್ದರೆ ಪೈಪು ಕೊಯ್ದ ಕೂಡಲೇ ಅದು ನಿಮ್ಮ ಮುಖಕ್ಕೆ ಸಿಡಿಯಬಹುದು. ಕರೆಂಟ್, ಗ್ಯಾಸ್, ನೀರಿನ ಲೈನ್ ಎಲ್ಲಿ ಹಾದಿವೆ ಎಂದು ಗುರುತಿಸದೆ ಪಿಕಾಸಿ ಎತ್ತಬೇಡಿ. ಗುಂಡಿ 1.2 ಮೀಟರ್ ದಾಟಿದರೆ ಬದಿಗೆ ಹಲಗೆ ಕೊಟ್ಟು ಆನಿಸಬೇಕು. ಸಡಿಲ ಮಣ್ಣಾದರೆ ಅದಕ್ಕೂ ಮುಂಚೆಯೇ ಆನಿಸಿ. ಅಗೆದ ಮಣ್ಣನ್ನು ಅಂಚಿನಿಂದ ದೂರ ಹಾಕಿ.

ಬೂದುಬಣ್ಣದ ಹಳೆಯ ಸಿಮೆಂಟ್ ಪೈಪು ಸಿಕ್ಕರೆ ಅದು ಕಲ್ನಾರಿನದ್ದಾಗಿರಬಹುದು (ಆಸ್ಬೆಸ್ಟಾಸ್). ಅದಕ್ಕೆ ಗ್ರೈಂಡರ್ ಹಚ್ಚಬೇಡಿ, ಒಣಗಿದ್ದಾಗ ಒಡೆಯಲೂ ಬೇಡಿ. ಅದರ ಧೂಳು ಶ್ವಾಸಕೋಶಕ್ಕೆ ವಿಷ. ಆ ಕೆಲಸ ಬಲ್ಲವರನ್ನೇ ಕರೆಸಿ.

ಒಡೆದ ತುಂಡನ್ನು ಬದಲಿಸುವ ಕ್ರಮ

1. ಆ ಲೈನಿಗೆ ಸೇರುವ ಎಲ್ಲ ನಲ್ಲಿ, ಫ್ಲಶ್‌ಗಳ ಮೇಲೆ ಚೀಟಿ ಅಂಟಿಸಿ. ಬಾಯಲ್ಲಿ ಹೇಳಿದ್ದನ್ನು ಮನೆಯವರು ಮರೆಯುತ್ತಾರೆ, ಗುಂಡಿಯಲ್ಲಿರುವವರ ಮೈಮೇಲೆ ನೀರು ಬರುತ್ತದೆ.

2. ಪೈಪಿನ ವ್ಯಾಸಕ್ಕಿಂತ 300 ಮಿ.ಮೀ. ಹೆಚ್ಚು ಅಗಲಕ್ಕೆ ಅಗೆಯಿರಿ. ಪೈಪು ಹತ್ತಿರವಾದಂತೆ ಹಾರೆ ಬಿಟ್ಟು ಕೈ ಸನಿಕೆಯಿಂದ ಬಿಡಿಸಿ. ಕೊಯ್ಯುವ ಜಾಗದಲ್ಲಿ ಪೈಪಿನ ಕೆಳಗೂ ಒಂದು ಗೇಣಿನಷ್ಟು ಬಿಡಿಸಬೇಕು.

3. ಮೇಲ್ಮಟ್ಟದ ಬಾಯಿಗೆ ಬಟ್ಟೆಯ ಉಂಡೆ ತುರುಕುವುದಾದರೆ ಅದಕ್ಕೆ ಹಗ್ಗ ಕಟ್ಟಿ, ಹಗ್ಗದ ತುದಿಯನ್ನು ಹೊರಗೆ ಬಿಗಿಯಿರಿ. ಒಳಗೆ ಜಾರಿಹೋದ ಬಟ್ಟೆ ಮುಂದಿನ ತಲೆನೋವು.

4. ಕಾಣುವ ಬಿರುಕಿನ ಎರಡೂ ಬದಿಗೆ ಇನ್ನೂ 100ರಿಂದ 150 ಮಿ.ಮೀ. ಬಿಟ್ಟು ಗುರುತು ಹಾಕಿ. ಕೂದಲೆಳೆಯ ಬಿರುಕು ಕಣ್ಣಿಗೆ ಕಾಣುವುದಕ್ಕಿಂತ ಮುಂದೆ ಓಡಿರುತ್ತದೆ. ಪೈಪಿಗೆ ಕಾಗದ ಸುತ್ತಿ ಅದರ ಅಂಚಿಗೆ ಗೆರೆ ಎಳೆದರೆ ಕೊಯ್ತ ನೇರ ಬರುತ್ತದೆ.

5. ಕೊಯ್ಯುವ ಮೊದಲು ಎರಡೂ ಕಡೆಯ ಪೈಪಿಗೆ ಕೆಳಗಿನಿಂದ ಆಸರೆ ಕೊಡಿ. ಲಂಬವಾಗಿ ನಿಂತ ಬೀಡುಕಬ್ಬಿಣದ ಪೈಪಾದರೆ ಇದನ್ನು ಎರಡು ಸಲ ನೋಡಿಕೊಳ್ಳಿ. ಕೆಳಗಿನ ತುಂಡು ತೆಗೆದ ಕೂಡಲೇ ಮೇಲಿನ ಅಂತಸ್ತುಗಳ ಪೈಪಿನ ಭಾರವೆಲ್ಲ ಜಾರಿ ಬರಬಹುದು.

6. ಪಿವಿಸಿಗೆ ಹ್ಯಾಕ್ಸಾ ಸಾಕು. ಸ್ಟೋನ್‌ವೇರ್ ಮತ್ತು ಬೀಡುಕಬ್ಬಿಣಕ್ಕೆ ಸರಪಳಿ ಕಟ್ಟರ್ ಒಳ್ಳೆಯದು, ಗ್ರೈಂಡರಿನಷ್ಟು ಧೂಳೆಬ್ಬಿಸುವುದಿಲ್ಲ. ಕೊಯ್ದ ಅಂಚಿನ ಸಿಬಿರನ್ನು ಒಳಗೂ ಹೊರಗೂ ಅರದಿಂದ ಉಜ್ಜಿ ತೆಗೆಯಿರಿ. ಒಳಗೆ ಉಳಿದ ಸಿಬಿರಿಗೆ ಕೂದಲು ಸಿಕ್ಕಿ ಕಟ್ಟಿಕೊಳ್ಳಲು ಶುರುವಾಗುತ್ತದೆ.

7. ಹೊಸ ತುಂಡನ್ನು ಖಾಲಿ ಜಾಗಕ್ಕಿಂತ 5ರಿಂದ 10 ಮಿ.ಮೀ. ಕಡಿಮೆ ಉದ್ದಕ್ಕೆ ಕೊಯ್ಯಿರಿ. ಎರಡೂ ತುದಿ ಕದಲದ ಲೈನಿಗೆ ಸಾಮಾನ್ಯ ಕಪ್ಲರ್ (ಎರಡು ಪೈಪು ಕೂಡಿಸುವ ಗಿಡ್ಡ ಕೊಳವೆ) ಆಗುವುದಿಲ್ಲ, ಅದರ ನಡುವೆ ತಡೆಗೆರೆ ಇರುತ್ತದೆ. ತಡೆಯಿಲ್ಲದ ರಿಪೇರಿ ಕಪ್ಲರನ್ನೇ ಕೇಳಿ ತನ್ನಿ. ಹೊಸ ತುಂಡಿನ ಎರಡೂ ತುದಿಗೆ ಒಂದೊಂದು ಕಪ್ಲರನ್ನು ಪೂರ್ತಿ ಒಳಗೆ ಸರಿಸಿಟ್ಟು, ತುಂಡನ್ನು ಜಾಗಕ್ಕೆ ಇಳಿಸಿ, ಕಪ್ಲರುಗಳನ್ನು ಹಳೆಯ ಪೈಪಿನ ಮೇಲಕ್ಕೆ ಅರ್ಧ ಸರಿಸಿ. ಎಷ್ಟು ಸರಿಯಬೇಕು ಎಂದು ಹಳೆಯ ಪೈಪಿನ ಮೇಲೆ ಮೊದಲೇ ಗೆರೆ ಹಾಕಿರಬೇಕು, ಇಲ್ಲದಿದ್ದರೆ ಸಂದು ಕಪ್ಲರಿನ ನಡುವೆ ಬಂದಿದೆಯೇ ಎಂದು ತಿಳಿಯುವುದೇ ಇಲ್ಲ.

8. ಹಳೆಯದು ಸ್ಟೋನ್‌ವೇರ್, ಹೊಸದು ಪಿವಿಸಿ ಆದರೆ ಎರಡರ ಹೊರವ್ಯಾಸ ಬೇರೆ. ಅಳತೆ ತೆಗೆದು, ಎರಡಕ್ಕೂ ಹೊಂದುವ ರಬ್ಬರ್ ಕಪ್ಲಿಂಗ್ ತನ್ನಿ. ಮಣ್ಣಿನಡಿಗೆ ಹೋಗುವುದಕ್ಕೆ ಹೊರಗೆ ಸ್ಟೇನ್‌ಲೆಸ್ ಸ್ಟೀಲ್ ಕವಚವಿರುವುದೇ ಬೇಕು. ಬರೀ ರಬ್ಬರ್ ಆದರೆ ಮಣ್ಣಿನ ಭಾರಕ್ಕೆ ಜೋತುಬಿದ್ದು ಒಳಗೆ ಮೆಟ್ಟಿಲಾಗುತ್ತದೆ. ಎರಡು ಬಗೆಯ ಪೈಪುಗಳ ನಡುವೆ ಗಾರೆ ಮೆತ್ತಿ ಮುಗಿಸುವ ಹಳೆಯ ರೂಢಿಯನ್ನು ದಯವಿಟ್ಟು ಬಿಡಿ.

ಪಿವಿಸಿ ಜಾಯಿಂಟಿನ ಬಗ್ಗೆ ಎರಡು ಮಾತು. ಅಂಟಿಸುವ ಬಗೆಯದ್ದಾದರೆ ಮೊದಲು ಅಂಟಿಲ್ಲದೆ ಕೂಡಿಸಿ, ತಿರುವುಗಳ ದಿಕ್ಕಿಗೆ ಅಡ್ಡಗೆರೆ ಹಾಕಿಕೊಳ್ಳಿ. ಆಮೇಲೆ ಒಣ ಬಟ್ಟೆಯಿಂದ ಒರೆಸಿ, ಎರಡೂ ಮೈಗೆ ಸಾಲ್ವೆಂಟ್ ಸಿಮೆಂಟ್ ತೆಳ್ಳಗೆ ಬಳಿದು, ಕಾಲು ಸುತ್ತು ತಿರುಗಿಸುತ್ತಾ ಕೊನೆಯವರೆಗೆ ತಳ್ಳಿ, ಅರ್ಧ ನಿಮಿಷ ಅದುಮಿ ಹಿಡಿಯಿರಿ. ಈ ಸಿಮೆಂಟ್ ಪ್ಲಾಸ್ಟಿಕ್ಕನ್ನು ಕರಗಿಸಿ ಒಂದು ಮಾಡುತ್ತದೆ. ಒದ್ದೆ ಮೈಮೇಲೆ ಅದು ಹಿಡಿಯುವುದಿಲ್ಲ. ರಬ್ಬರ್ ರಿಂಗ್ ಬಗೆಯದ್ದಕ್ಕೆ ಅಂಟು ಮುಟ್ಟಿಸಲೇಬಾರದು. ಪೈಪಿನ ತುದಿಯನ್ನು ಓರೆಯಾಗಿ ಉಜ್ಜಿ, ಲೂಬ್ರಿಕೆಂಟ್ ಅಥವಾ ಸೋಪಿನ ನೀರು ಹಚ್ಚಿ ಪೂರ್ತಿ ತಳ್ಳಿ, ಗೆರೆ ಹಾಕಿ, ಮತ್ತೆ 10 ಮಿ.ಮೀ. ಹಿಂದಕ್ಕೆ ಎಳೆಯಿರಿ. ಪಿವಿಸಿ ಬಿಸಿಗೆ ಹಿಗ್ಗುತ್ತದೆ: 6 ಮೀಟರ್ ಉದ್ದದ ಪೈಪು 20 ಡಿಗ್ರಿ ಸೆಲ್ಸಿಯಸ್ ಏರಿಕೆಗೆ ಸುಮಾರು 8 ಮಿ.ಮೀ. ಬೆಳೆಯುತ್ತದೆ. ಆ 10 ಮಿ.ಮೀ. ಬಿಡುವುದು ಅದಕ್ಕಾಗಿ.

ಇಳಿಜಾರು

ಇಡೀ ಕೆಲಸದ ಜೀವ ಇದು. ಮೇಸ್ತ್ರಿಗಳು ವಾಟ ಎನ್ನುತ್ತಾರೆ. 75 ಮಿ.ಮೀ. ಮತ್ತು ಅದಕ್ಕಿಂತ ಸಣ್ಣ ಪೈಪಿಗೆ ಪ್ರತಿ ಮೀಟರಿಗೆ 20 ಮಿ.ಮೀ. ಇಳಿತ ಕೊಡಿ. 110 ಮಿ.ಮೀ. ಪೈಪಿಗೆ ಕನಿಷ್ಠ 10, ಜಾಗವಿದ್ದರೆ 15ರಿಂದ 20 ಮಿ.ಮೀ. ಉದಾಹರಣೆಗೆ 6 ಮೀಟರ್ ದೂರಕ್ಕೆ ಮೀಟರಿಗೆ 20ರಂತೆ ಹಿಡಿದರೆ ತುದಿಯಿಂದ ತುದಿಗೆ 120 ಮಿ.ಮೀ. ವ್ಯತ್ಯಾಸ ಬರಬೇಕು.

ಕಣ್ಣಂದಾಜು ಇಲ್ಲಿ ಮೋಸ ಮಾಡುತ್ತದೆ. ನೀರು ತುಂಬಿದ ಪಾರದರ್ಶಕ ಲೆವೆಲ್ ಪೈಪಿನಿಂದ ಎರಡು ತುದಿಯ ಗೂಟಗಳಿಗೆ ಸಮಮಟ್ಟದ ಗುರುತು ಹಾಕಿ, ಒಂದರಲ್ಲಿ ಬೇಕಾದ ಇಳಿತದಷ್ಟು ಕೆಳಗೆ ದಾರ ಕಟ್ಟಿ, ಆ ದಾರದಿಂದ ಪೈಪಿನ ಬೆನ್ನಿಗೆ ಎಲ್ಲೆಡೆ ಒಂದೇ ಅಳತೆ ಬರುತ್ತದೆಯೇ ನೋಡಿ. ಗಿಡ್ಡ ತುಂಡಿಗೆ ರಸಮಟ್ಟ ಸಾಕು. ಒಂದು ಮೀಟರ್ ಉದ್ದದ ಮಟ್ಟದ ಕೆಳತುದಿಗೆ 20 ಮಿ.ಮೀ. ದಪ್ಪದ ಮರದ ಚೂರು ಕಟ್ಟಿ ಪೈಪಿನ ಮೇಲಿಟ್ಟಾಗ ಗುಳ್ಳೆ ನಡುವೆ ನಿಂತರೆ ಇಳಿತ ಸರಿ. ಒಟ್ಟು ಇಳಿತ ಸರಿಯಿದ್ದೂ ನಡುವೆ ಒಂದು ತಗ್ಗು ಉಳಿದರೆ ಅಲ್ಲಿ ನೀರು ನಿಂತು ಎಣ್ಣೆ, ಕೆಸರು ಕೂರುತ್ತದೆ. ಸಮಾನವಾದ ಇಳಿತ ಬಹಳ ಮುಖ್ಯ.

ಪೈಪಿನ ಕೆಳಗಿನ ಹಾಸೂ ಇಳಿಜಾರಿನಷ್ಟೇ ಮುಖ್ಯ. 100 ಮಿ.ಮೀ. ದಪ್ಪ ಮರಳು ಅಥವಾ ಸಣ್ಣ ಜೆಲ್ಲಿ ಹಾಸಿ ಬಡಿದು, ಸಾಕೆಟ್, ಅಂದರೆ ಮುಂದಿನ ಪೈಪು ಕೂರುವ ಅಗಲಬಾಯಿ, ಬರುವ ಜಾಗಗಳಲ್ಲಿ ಮಾತ್ರ ಸ್ವಲ್ಪ ತೋಡಿ. ಹಾಗೆ ತೋಡದಿದ್ದರೆ ಪೈಪಿನ ಭಾರವೆಲ್ಲ ಸಾಕೆಟ್ ಮೇಲೆ ಕೂತು ನಡುಭಾಗ ತೂಗಾಡುತ್ತದೆ. ಇಟ್ಟಿಗೆ ಚೂರು, ಕಲ್ಲು ಕೊಟ್ಟು ಎತ್ತರ ಸರಿಮಾಡುವುದು ಬೇಡ. ಮುಂದಿನ ಬಿರುಕು ಬರುವುದು ಅದೇ ಕಲ್ಲಿನ ಮೇಲೆ.

ಪೂರ್ತಿ ಲೈನ್ ಬದಲಿಸುವಾಗ

ಕೆಳತುದಿಯ ಚೇಂಬರಿನಿಂದ ಶುರುಮಾಡಿ ಮೇಲಕ್ಕೆ ಕೂರಿಸುತ್ತಾ ಬನ್ನಿ. ಸಾಕೆಟ್ ಬಾಯಿ ಸದಾ ಮೇಲ್ಮುಖವಾಗಿ, ನೀರು ಬರುವ ದಿಕ್ಕಿಗೆ ಇರಬೇಕು. ತಿರುಗಿಸಬೇಕಾದಲ್ಲಿ 90 ಡಿಗ್ರಿಯ ಒಂದು ಎಲ್ಬೋ ಬದಲು 45 ಡಿಗ್ರಿಯ ಎರಡು ಬೆಂಡ್ ಹಾಕಿ. ಅಡ್ಡ ಮಲಗಿದ ಲೈನಿಗೆ ಕವಲು ಸೇರಿಸಲು T ಆಕಾರದ ಜೋಡಣೆ (ಟೀ) ಬೇಡ, ಹರಿವಿನ ದಿಕ್ಕಿಗೆ ಬಾಗಿದ Y ಆಕಾರದ್ದು (ವೈ) ಹಾಕಿ. ದಿಕ್ಕು ಬದಲಾಗುವ ಕಡೆಗಳಲ್ಲಿ ಚೇಂಬರ್ ಅಥವಾ ಮುಚ್ಚಳವಿರುವ ಡೋರ್ ಬೆಂಡ್ ಇರಲಿ. ಕುಡಿಯುವ ನೀರಿನ ಪೈಪು ಅಡ್ಡ ಬಂದರೆ ಅದು ಮೇಲೆ, ಕೊಳಚೆ ಪೈಪು ಕೆಳಗೆ. ಆ ದಾಟುವ ಜಾಗದಲ್ಲಿ ಕೊಳಚೆ ಪೈಪಿನ ಜಾಯಿಂಟ್ ಬಾರದಂತೆ ನೋಡಿಕೊಳ್ಳಿ.

ಅಗೆಯದೆ ಸರಿಪಡಿಸುವ ವಿಧಾನಗಳೂ ಇವೆ. ರಾಳದಲ್ಲಿ ನೆನೆಸಿದ ಬಟ್ಟೆಯ ಕೊಳವೆಯನ್ನು ಹಳೆಯ ಪೈಪಿನೊಳಗೆ ತೂರಿಸಿ, ಗಾಳಿ ಅಥವಾ ನೀರಿನ ಒತ್ತಡದಿಂದ ಗೋಡೆಗೆ ಅಂಟಿಸಿ, ಬಿಸಿನೀರು, ಹಬೆ ಇಲ್ಲವೇ ನೇರಳಾತೀತ ಬೆಳಕಿನಿಂದ ಗಟ್ಟಿ ಮಾಡುತ್ತಾರೆ. ಎರಿಕ್ ವುಡ್ ಎಂಬವರು ಲಂಡನ್ನಿನಲ್ಲಿ 1971ರಲ್ಲಿ ಮೊದಲು ಮಾಡಿ ತೋರಿಸಿದ ವಿಧಾನ ಇದು. ದೊಡ್ಡ ಮರದ ಕೆಳಗೆ, ಕಟ್ಟಡದ ಅಡಿಯಲ್ಲಿ ಹಾದ ಲೈನಿಗೆ ತುಂಬ ಅನುಕೂಲ. ಆದರೆ ಹಳೆಯ ಪೈಪಿನ ಆಕಾರವನ್ನೇ ಅದು ಹಿಡಿಯುತ್ತದೆ. ಪೈಪು ಜೋತುಬಿದ್ದಿದ್ದರೆ ಒಳಪದರವೂ ಹಾಗೇ ಜೋತು ಬೀಳುತ್ತದೆ. ಇನ್ನೊಂದು ವಿಧಾನದಲ್ಲಿ ಶಂಕುವಿನಾಕಾರದ ತಲೆಯಿಂದ ಹಳೆಯ ಪೈಪನ್ನು ಒಡೆಯುತ್ತಾ, ಅದರ ಬೆನ್ನಿಗೇ ಹೊಸ ಎಚ್‌ಡಿಪಿಇ (ಒಂದು ಬಗೆಯ ಗಟ್ಟಿ ಪ್ಲಾಸ್ಟಿಕ್) ಪೈಪನ್ನು ಎಳೆಯುತ್ತಾರೆ. ಎರಡು ತುದಿಗೆ ಗುಂಡಿ ಬೇಕು, ಪಕ್ಕದಲ್ಲೇ ಬೇರೆ ಪೈಪುಗಳಿದ್ದರೆ ಬೇಡ. ಎರಡೂ ಮನೆಯವರು ಸ್ವತಃ ಮಾಡುವ ಕೆಲಸಗಳಲ್ಲ.

ಮುಚ್ಚುವ ಮೊದಲು ಪರೀಕ್ಷೆ

ಸಂಜೆಯಾಯಿತು ಎಂದು ಕೆಲಸಗಾರರು ಮಣ್ಣೆಳೆಯಲು ಹೊರಡುವುದು ಈ ಹಂತದಲ್ಲೇ. ತಡೆಯಿರಿ. ಕೆಳತುದಿಗೆ ಪ್ಲಗ್ ಹಾಕಿ ನೀರು ತುಂಬಿಸಿ, ಅರ್ಧ ಗಂಟೆ ಪ್ರತಿ ಜಾಯಿಂಟನ್ನೂ ಒಣ ಕಾಗದದಿಂದ ಮುಟ್ಟಿ ನೋಡಿ. ಒಂದು ಹನಿ ಕಂಡರೂ ಆ ಜಾಯಿಂಟನ್ನು ಬಿಚ್ಚಿ, ಅಂಟಿಸಿದ್ದಾದರೆ ಕೊಯ್ದು ತೆಗೆದು, ಮತ್ತೆ ಮಾಡಿಸಿ. ಅಂಟಿಸಿದ ಜಾಯಿಂಟಾದರೆ ನೀರು ತುಂಬುವ ಮುಂಚೆ ಡಬ್ಬದ ಮೇಲೆ ಬರೆದಷ್ಟು ಹೊತ್ತು ಒಣಗಲು ಬಿಡಬೇಕು. ನಂತರ ಒಂದು ಚೇಂಬರಿನಲ್ಲಿ ಕನ್ನಡಿ, ಇನ್ನೊಂದರಲ್ಲಿ ಟಾರ್ಚ್ ಹಿಡಿದು ನೋಡಿ. ಪೂರ್ತಿ ದುಂಡಗಿನ ಬೆಳಕು ಕಂಡರೆ ಲೈನ್ ನೇರವಾಗಿದೆ. ಪೈಪಿನ ಒಳವ್ಯಾಸಕ್ಕಿಂತ 13 ಮಿ.ಮೀ. ಕಡಿಮೆಯಿರುವ ನುಣುಪಾದ ಚೆಂಡನ್ನು ಮೇಲಿನಿಂದ ಬಿಟ್ಟರೆ ಅದು ತಾನಾಗಿ ಉರುಳಿ ಕೆಳಗಿನ ಚೇಂಬರಿಗೆ ಬರಬೇಕು. ಎಲ್ಲೋ ನಿಂತರೆ ಅಲ್ಲಿ ಗಾರೆಯ ಉಂಡೆಯೋ ಮೆಟ್ಟಿಲೋ ಇದೆ.

ಮುಚ್ಚುವಾಗ ಮೊದಲು ಪೈಪಿನ ಎರಡು ಬಗಲಿಗೆ ಮರಳನ್ನು ಕೈಯಿಂದ ತುಂಬಿ ಬಡಿಯಿರಿ. ಪಿವಿಸಿ ಪೈಪಿಗೆ ಬಲ ಬರುವುದು ಈ ಬಗಲಿನ ಮಣ್ಣಿನಿಂದ. ನಂತರ 150 ಮಿ.ಮೀ. ಪದರಗಳಲ್ಲಿ ಕಲ್ಲಿಲ್ಲದ ಮಣ್ಣು ಹಾಕುತ್ತಾ ಬನ್ನಿ. ಪೈಪಿನ ಮೇಲೆ 300 ಮಿ.ಮೀ. ತುಂಬುವವರೆಗೆ ಯಂತ್ರದಿಂದ ಬಡಿಯಬಾರದು. ಅದರ ಮೇಲೆ ಬಣ್ಣದ ಎಚ್ಚರಿಕೆ ಪಟ್ಟಿ ಹಾಸಿದರೆ ಮುಂದೆ ಅಗೆಯುವವರಿಗೆ ಉಪಕಾರ. ಕಾರು ಓಡಾಡುವ ಜಾಗದಲ್ಲಿ ಪೈಪಿನ ಮೇಲಿನ ಮಣ್ಣು 600 ಮಿ.ಮೀ.ಗಿಂತ ಕಡಿಮೆಯಾದರೆ ಪೈಪಿಗೆ ತಾಗದಂತೆ, ಎರಡೂ ಬದಿಯ ಗಟ್ಟಿ ನೆಲದ ಮೇಲೆ ಕೂರುವಂತೆ ಕಾಂಕ್ರೀಟ್ ಚಪ್ಪಡಿ ಕೊಡಿ.

ಮುಚ್ಚುವ ಮೊದಲೇ ಪ್ರತಿ ಜಾಯಿಂಟ್, ಬೆಂಡ್ ಗೋಡೆಯಿಂದ ಎಷ್ಟು ದೂರ, ಎಷ್ಟು ಆಳ ಎಂದು ಅಳೆದು ಒಂದು ನಕ್ಷೆ ಬರೆದು, ಟೇಪ್ ಹಿಡಿದ ಫೋಟೋಗಳ ಜೊತೆ ಮನೆಯ ಕಾಗದಪತ್ರಗಳಲ್ಲಿ ಇಡಿ. ಮೇಲಿನ ಟೈಲ್ಸ್, ಕಾಂಕ್ರೀಟಿಗೆ ಅವಸರ ಬೇಡ. ಹೊಸದಾಗಿ ತುಂಬಿದ ಮಣ್ಣು ಒಂದೆರಡು ಜೋರು ಮಳೆಗೆ ಇಳಿಯುತ್ತದೆ. ಮಳೆಗಾಲ ದೂರವಿದ್ದರೆ ಕೆಲವು ದಿನ ನೀರು ಬಿಟ್ಟು ಇಳಿಯಲು ಬಿಡಿ. ತಗ್ಗಾದಷ್ಟು ಮತ್ತೆ ತುಂಬಿ ಬಡಿದ ಮೇಲೆ ಮೇಲ್ಪದರ ಹಾಕಿಸಿ.